ಹಿಮದ ಮೇಲೊಂದು ನೇರ ಗೆರೆ

1968ರ ಏಪ್ರಿಲ್ 20ರಂದು ಉತ್ತರ ಧ್ರುವದ ಮಂಜುಗಡ್ಡೆಯ ಮೇಲೆ ನಾಲ್ಕು ಜನ ಆಕಾಶ ನೋಡುತ್ತಾ ಕಾಯುತ್ತಿದ್ದರು. ಅವರ ಮುಖಂಡ ರಾಲ್ಫ್ ಪ್ಲೇಸ್ಟೆಡ್ ಅಮೆರಿಕದ ಮಿನ್ನೆಸೋಟ ರಾಜ್ಯದ ಒಬ್ಬ ಇನ್ಶೂರೆನ್ಸ್ ವ್ಯಾಪಾರಿ. ಧ್ರುವಯಾತ್ರೆಗೂ ಅವನಿಗೂ ಹಿಂದುಮುಂದಿನ ನಂಟೇನೂ ಇರಲಿಲ್ಲ. ಸ್ನೋಮೊಬೈಲ್ ಎಂಬ ಹೊಸ ಗಾಡಿಯ ಹುಚ್ಚು ಹತ್ತಿಸಿಕೊಂಡು, ಗೆಳೆಯರ ನಡುವೆ ಅದರ ಗುಣಗಾನವನ್ನೇ ಮಾಡುತ್ತಿದ್ದ. ಕೇಳಿ ಕೇಳಿ ಸಾಕಾದ ಡಾಕ್ಟರ್ ಗೆಳೆಯನೊಬ್ಬ, ಅಷ್ಟು ಒಳ್ಳೆಯ ಗಾಡಿಯಾದರೆ ಉತ್ತರ ಧ್ರುವಕ್ಕೇ ಓಡಿಸಿಕೊಂಡು ಹೋಗು ನೋಡೋಣ ಎಂದು ಕೆಣಕಿದ. ಪ್ಲೇಸ್ಟೆಡ್ ಹೊರಟೇಬಿಟ್ಟ. 1967ರ ಮೊದಲ ಪ್ರಯತ್ನ ಬಿರುಗಾಳಿಗೆ ಸಿಕ್ಕಿ ಅರ್ಧಕ್ಕೇ ನಿಂತಿತು. ಮರುವರ್ಷ ಕೆನಡಾದ ಉತ್ತರ ತುದಿಯ ವಾರ್ಡ್ ಹಂಟ್ ದ್ವೀಪದಿಂದ ಹೊರಟ ತಂಡ, ಆರು ವಾರ ಒಡೆದ ಗಡ್ಡೆಗಳ ನಡುವೆ ಗಾಡಿಗಳನ್ನು ದೂಡಿ, ಎಳೆದು, ಓಡಿಸಿ ಅಲ್ಲಿಗೆ ತಲುಪಿತ್ತು. ಈಗ ಅವರು ಕಾಯುತ್ತಿದ್ದದ್ದು ಅಮೆರಿಕದ ವಾಯುಪಡೆಯ ಒಂದು ಹವಾಮಾನ ವಿಮಾನಕ್ಕಾಗಿ. ಅದು ತಲೆಯ ಮೇಲೆ ಹಾದುಹೋಗುತ್ತಾ, ನೀವು ನಿಂತಿರುವುದು ಧ್ರುವದಲ್ಲೇ ಎಂದು ಖಚಿತಪಡಿಸಿತು.

ಹಾಗೆ ನೋಡಿದರೆ ತಾವೆಲ್ಲಿದ್ದೇವೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ತಂಡದ ದಾರಿಗಾರ ಜೆರಾಲ್ಡ್ ಪಿಟ್ಜ್‌ಲ್ ಭೂಗೋಳದ ಮೇಷ್ಟರು. ಸೆಕ್ಸ್‌ಟೆಂಟ್ ಹಿಡಿದು ಸೂರ್ಯನ ಎತ್ತರ ಅಳೆದು ಲೆಕ್ಕ ಹಾಕಿದ್ದ. ಆದರೆ ಧ್ರುವದ ಚರಿತ್ರೆಯಲ್ಲಿ ಒಬ್ಬನ ಲೆಕ್ಕ ಸಾಲದು. 1908ರಲ್ಲಿ ಮುಟ್ಟಿದೆ ಎಂದ ಫ್ರೆಡರಿಕ್ ಕುಕ್, 1909ರಲ್ಲಿ ಮುಟ್ಟಿದೆ ಎಂದ ರಾಬರ್ಟ್ ಪಿಯರಿ, ಇಬ್ಬರ ಮಾತಿಗೂ ಸಂಶಯ ಅಂಟಿಕೊಂಡೇ ಉಳಿಯಿತು. ಲೆಕ್ಕವನ್ನು ತಾಳೆ ನೋಡಬಲ್ಲ ಇನ್ನೊಬ್ಬರು ಅವರ ಜೊತೆ ಇರಲಿಲ್ಲ. ನಿಂತ ನೆಲವೇ ತೇಲುವ ಕಡಲಾದ್ದರಿಂದ ಗುರುತಿನ ಕಲ್ಲೊಂದನ್ನು ನೆಟ್ಟು ಬರುವಂತೆಯೂ ಇಲ್ಲ. ವ್ಯಾಪಾರಿ ಪ್ಲೇಸ್ಟೆಡ್‌ಗೆ ರಸೀದಿಯ ಬೆಲೆ ಗೊತ್ತಿತ್ತು. ಹೀಗಾಗಿ ಅವನನ್ನು ಧ್ರುವಕ್ಕೆ ಒಯ್ದದ್ದು ಒಂದು ಯಂತ್ರ. ಎಲ್ಲಿಗೆ ಒಯ್ದಿದೆ ಎಂದು ಮೇಲಿನಿಂದ ಹೇಳಿದ್ದು ಇನ್ನೊಂದು.

ಹಿಮದ ಮೇಲೆ ಓಡುವ ಗಾಡಿ, ಅದು ಎಲ್ಲಿದೆ ಎಂದು ಹೇಳುವ ಆಕಾಶ: ಈ ಜೋಡಿ ಮುಂದೆ ಯಾವ ಸಾಹಸಿಯೂ ಅಲ್ಲದ ಸಾಧಾರಣ ಬೇಟೆಗಾರರ ದಿನನಿತ್ಯದ ಬದುಕಿಗೆ ಬಂತು. ಎರಡೂ ಒಟ್ಟಿಗೆ ಬರಲಿಲ್ಲ. ಗಾಡಿ ಮೊದಲು ಬಂತು, ಆಕಾಶ ಮೂವತ್ತು ವರ್ಷ ತಡವಾಗಿ. ಆ ಮೂವತ್ತು ವರ್ಷಗಳಲ್ಲಿ ಏನು ಖಾಲಿಯಾಯಿತು ಎಂಬುದನ್ನು ನೋಡದೆ ಜಿಪಿಎಸ್ ಅಲ್ಲಿ ಏನನ್ನು ತುಂಬಿತು ಎಂಬುದು ಅರ್ಥವಾಗುವುದಿಲ್ಲ.

ಗಾಡಿಯ ಕತೆ ಒಂದು ಮಗುವಿನ ಸಾವಿನ ಸುತ್ತ ಇದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೆ ಹುಡುಗನಾಗಿದ್ದಾಗಿನಿಂದ ಹಿಮದ ಮೇಲೆ ಓಡುವ ವಾಹನಕ್ಕಾಗಿ ತಿಣುಕುತ್ತಿದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನ ಹೊಟ್ಟೆಯೊಳಗೆ ಸೋಂಕಾಯಿತು. ರಸ್ತೆಯೆಲ್ಲ ಹಿಮ ಮುಚ್ಚಿತ್ತು, ಆಸ್ಪತ್ರೆ ದೂರವಿತ್ತು, ಮಗು ಉಳಿಯಲಿಲ್ಲ. 1937ರಲ್ಲಿ ಅವನು ಏಳು ಜನ ಕೂರುವ ಹಿಮವಾಹನವನ್ನು ತಂದ. ಒಬ್ಬಿಬ್ಬರು ಬೈಕಿನಂತೆ ಕೂತು ಓಡಿಸುವ ಹಗುರ ಗಾಡಿ ಬಂದದ್ದು 1959ರಲ್ಲಿ. ನಾಯಿಗಾಡಿಯ ಜಾಗಕ್ಕೆ ಬರುವುದೆಂದು ಅದಕ್ಕೆ ಸ್ಕೀ-ಡಾಗ್ ಎಂದು ಹೆಸರಿಟ್ಟಿದ್ದರಂತೆ; ಅಚ್ಚಿನ ಮನೆಯ ತಪ್ಪಿನಿಂದ ಅದು ಸ್ಕೀ-ಡೂ ಆಯಿತು ಎಂಬುದು ಎಲ್ಲರೂ ಹೇಳುವ ಕತೆ. ಹೆಸರಿನಿಂದ ನಾಯಿ ಮೊದಲೇ ಬಿದ್ದುಹೋಗಿತ್ತು ಎನ್ನಬೇಕು.

ಇಗ್ಲೂಲಿಕ್ ಕೆನಡಾದ ಆರ್ಕ್ಟಿಕ್ ಪ್ರದೇಶದ ಒಂದು ಸಣ್ಣ ದ್ವೀಪ. ಬ್ಯಾಫಿನ್ ದ್ವೀಪಕ್ಕೂ ಮೆಲ್ವಿಲ್ ಪರ್ಯಾಯದ್ವೀಪಕ್ಕೂ ನಡುವೆ, ಫಾಕ್ಸ್ ಬೇಸಿನ್ ಎಂಬ ಕಡಲಿನ ತಲೆಯ ಮೇಲೆ, 69 ಡಿಗ್ರಿ ಅಕ್ಷಾಂಶದಲ್ಲಿದೆ. 1999ರಿಂದ ಇದು ನುನಾವುತ್ ಎಂಬ ಇನುಯಿಟ್ ಬಹುಸಂಖ್ಯಾತರ ಸೀಮೆಗೆ ಸೇರಿದೆ. 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ 'ಅತನರ್ಜುಆತ್' ಸಿನಿಮಾ ನೋಡಿದವರಿಗೆ ಈ ನೆಲ ಪರಿಚಿತ. ಬೆತ್ತಲೆ ಮನುಷ್ಯನೊಬ್ಬ ಕೊನೆಯಿಲ್ಲದ ಮಂಜುಗಡ್ಡೆಯ ಮೇಲೆ ಓಡುವ ಆ ದೃಶ್ಯ ಇಲ್ಲಿನದೇ. ನಿರ್ದೇಶಕ ಜಕರಿಯಾಸ್ ಕುನುಕ್ ಇದೇ ಊರಿನವರು. ಹೊರಗಿನವರ ಕಣ್ಣಿಗೆ ಅಲ್ಲಿ ಗುರುತು ಹಿಡಿಯಲು ಏನೂ ಇಲ್ಲ. ಬೆಟ್ಟವಿಲ್ಲ, ಮರವಿಲ್ಲ. ವರ್ಷದಲ್ಲಿ ಆರೇಳು ವಾರ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಧ್ರುವ ನಕ್ಷತ್ರ ನಮ್ಮಲ್ಲಿ ಉತ್ತರದ ಅಂಚಿನಲ್ಲಿ ತಗ್ಗಾಗಿ ನಿಂತು ದಿಕ್ಕು ಹೇಳುತ್ತದೆ. ಅಲ್ಲಿ ನೆತ್ತಿಗೆ ಹತ್ತಿರ ಇರುವುದರಿಂದ ದಿಕ್ಕಿಗೆ ಅಷ್ಟಾಗಿ ಉಪಯೋಗವಿಲ್ಲ. ದಿಕ್ಸೂಚಿಯನ್ನೂ ನಂಬುವಂತಿಲ್ಲ: ಜೇಮ್ಸ್ ಕ್ಲಾರ್ಕ್ ರಾಸ್ 1831ರಲ್ಲಿ ಭೂಮಿಯ ಉತ್ತರ ಕಾಂತಧ್ರುವವನ್ನು ಗುರುತಿಸಿದ್ದು ಇಲ್ಲಿಂದ ಪಶ್ಚಿಮಕ್ಕೆ ಕೆಲವು ನೂರು ಕಿಲೊಮೀಟರ್ ದೂರದ ಬೂತಿಯಾದಲ್ಲಿ. ಕಾಂತಧ್ರುವದ ಆಸುಪಾಸಿನಲ್ಲಿ ಸೂಜಿ ಅಡ್ಡಕ್ಕೆ ತಿರುಗುವ ಬದಲು ಕೆಳಕ್ಕೆ ಬಾಗುತ್ತದೆ. ಕಾಂತಧ್ರುವವೂ ಒಂದೆಡೆ ನಿಲ್ಲುವಂಥದ್ದಲ್ಲ.

ಇಂಥ ಕಡೆ ಜನ ದಾರಿ ತಪ್ಪದೆ ಓಡಾಡಿಕೊಂಡಿದ್ದರು ಎಂಬುದಕ್ಕೆ ಹಳೆಯ ಲಿಖಿತ ಸಾಕ್ಷಿಯೇ ಇದೆ. 1821ರಿಂದ 23ರವರೆಗೆ ಬ್ರಿಟಿಷ್ ನೌಕಾಪಡೆಯ ವಿಲಿಯಂ ಪ್ಯಾರಿ ಫ್ಯೂರಿ ಮತ್ತು ಹೆಕ್ಲಾ ಎಂಬ ಎರಡು ಹಡಗುಗಳೊಂದಿಗೆ ಪಶ್ಚಿಮಕ್ಕೆ ದಾರಿ ಹುಡುಕುತ್ತಾ ಈ ಕಡಲಿಗೆ ಬಂದ. ಹಡಗುಗಳು ಗಡ್ಡೆಯಲ್ಲಿ ಸಿಕ್ಕಿಕೊಂಡ ಮೊದಲ ಚಳಿಗಾಲದಲ್ಲಿ ಇಲಿಗ್ಲಿಯುಕ್ ಎಂಬ ಹೆಂಗಸಿನ ಕೈಗೆ ಕಾಗದ, ಪೆನ್ಸಿಲ್ ಕೊಟ್ಟರು. ಹಡಗುಗಳು ಇನ್ನೂ ಮುಟ್ಟದ ಉತ್ತರದ ಕರಾವಳಿಯನ್ನು ಅವಳು ಬರೆದು ತೋರಿಸಿದಳು. ಕೊನೆಗೆ ಗೆರೆ ಪಶ್ಚಿಮಕ್ಕೆ ಹೊರಳಿ ಒಂದು ಜಲಸಂಧಿಯಾಯಿತು. ಮುಂದಿನ ಬೇಸಿಗೆಯಲ್ಲಿ ಪ್ಯಾರಿ ಹೋಗಿ ನೋಡಿದರೆ ಜಲಸಂಧಿ ಅವಳು ಹೇಳಿದ ಕಡೆಯೇ ಇತ್ತು, ಮಂಜುಗಡ್ಡೆ ಕಟ್ಟಿಕೊಂಡಿತ್ತು. ಅದಕ್ಕೆ ಅವನು ತನ್ನ ಎರಡು ಹಡಗುಗಳ ಹೆಸರಿಟ್ಟ. ನಕ್ಷೆ ಬರೆದವಳ ಹೆಸರಿಡಬಹುದಿತ್ತು. ಹಾಗೆ ಯಾರಿಗೂ ತೋಚುವ ಕಾಲ ಅದಲ್ಲ.

ಇಗ್ಲೂಲಿಕ್‌ನವರಿಗೆ ದಿಕ್ಕೆಂದರೆ ಗಾಳಿ. ಉವಂಗ್ನಾಕ್ ವಾಯವ್ಯದ ಕಡೆಯಿಂದ ಬೀಸುವುದು, ನಿಗಿಕ್ ಅದರ ಎದುರಿನಿಂದ. ಇನ್ನೆರಡು ಗಾಳಿಗಳು ಇವಕ್ಕೆ ಅಡ್ಡಲಾಗಿ. ಉವಂಗ್ನಾಕ್ ಬಿರುಸಾಗಿ ಬೀಸಿದಾಗ ನೆಲದ ಮೇಲಿನ ಹಿಮ ನಾಲಿಗೆಯ ಆಕಾರದ ದಿಣ್ಣೆಗಳಾಗಿ ಗಟ್ಟಿಯಾಗುತ್ತದೆ. ಇವಕ್ಕೆ ಉಕಲುರೈತ್ ಎನ್ನುತ್ತಾರೆ, ನಾಲಿಗೆ ಎಂಬ ಪದದಿಂದಲೇ ಬಂದ ಹೆಸರು. ಒಮ್ಮೆ ಗಟ್ಟಿಯಾದ ದಿಣ್ಣೆ ಚಳಿಗಾಲವಿಡೀ ಹಾಗೇ ಇರುತ್ತದೆ. ಗಾಳಿ ನಿಂತ ಮೇಲೂ ಅದರ ದಿಕ್ಕು ನೆಲದ ಮೇಲೆ ಬರೆದಂತೆ ಉಳಿದಿರುತ್ತದೆ, ಸಾವಿರಾರು ದಿಣ್ಣೆಗಳು ಒಂದೇ ಕಡೆಗೆ ಸಾಲುಗಟ್ಟಿ. ಪ್ರಯಾಣಿಕ ಆ ಸಾಲುಗಳನ್ನು ಯಾವ ಕೋನದಲ್ಲಿ ದಾಟಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಕಣ್ಣಿಗೆ ಕಾಣದಿದ್ದರೆ ಕಾಲಿನಿಂದ ತಡವಿದರೂ ಆದೀತು. ಇದಲ್ಲದೆ ಋತುವಿಗೆ ತಕ್ಕ ನಕ್ಷತ್ರಗಳಿದ್ದವು, ಕಲ್ಲು ಪೇರಿಸಿದ ಇನುಕ್ಷುಕ್‌ಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಸ್ಥಳನಾಮಗಳಿದ್ದವು. ಒಂದು ದಾರಿಯನ್ನು ಕಲಿಯುವುದೆಂದರೆ ಅದರ ಮೇಲಿನ ಹೆಸರುಗಳನ್ನು ಒಂದಾದ ಮೇಲೊಂದರಂತೆ ಬಾಯಿಪಾಠ ಮಾಡುವುದು. ದಾರಿ ಪ್ರತಿ ಬೇಸಿಗೆಯಲ್ಲಿ ಕರಗಿಹೋಗುತ್ತಿತ್ತು, ಹೆಸರುಗಳ ಸರಣಿ ಕರಗುತ್ತಿರಲಿಲ್ಲ. ಹಿಮ ಬಿದ್ದ ಮೇಲೆ ಅದೇ ಜಾಗದಲ್ಲಿ ದಾರಿ ಮತ್ತೆ ಮೂಡುತ್ತಿತ್ತು.

ಜೊತೆಗೆ ನಾಯಿಗಳು. ಇವುಗಳ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಮುಂದೆ ಜಿಪಿಎಸ್ ಮಾಡಬೇಕಾಗಿ ಬಂದ ಕೆಲಸದ ಒಂದು ಪಾಲು ಇವುಗಳದ್ದೇ ಆಗಿತ್ತು. ಗಾಳಿ ಎದ್ದು, ನೆಲ ಆಕಾಶಗಳ ಗೆರೆಯೇ ಅಳಿಸಿಹೋಗಿ, ಮುಂದಿನ ನಾಯಿಯ ಬಾಲವೂ ಕಾಣದಂತಾದಾಗ ಬೇಟೆಗಾರ ಹಗ್ಗ ಸಡಿಲ ಬಿಡುತ್ತಿದ್ದ. ಒಳ್ಳೆಯ ಮುಂದಾಳು ನಾಯಿ ಬಂಡಿಯನ್ನು ಮನೆಗೆ ತಂದುಬಿಡುತ್ತಿತ್ತು. ತೆಳುವಾದ ಗಡ್ಡೆಯ ಮೇಲೆ ಕಾಲಿಡಲು ನಾಯಿ ಹಿಂಜರಿಯುತ್ತಿತ್ತು. ಸೀಲ್ ಪ್ರಾಣಿ ಉಸಿರಾಡಲು ಮಾಡಿಕೊಂಡ ತೂತು ಹಿಮದ ಕೆಳಗೆ ಎಲ್ಲಿದೆ ಎಂದು ಮೂಸಿ ಹೇಳುತ್ತಿತ್ತು. ಹಿಮಕರಡಿ ಬಂದರೆ ಬೊಗಳುತ್ತಿತ್ತು. ದಾರಿ, ಗಡ್ಡೆ, ಊಟ, ಕಾವಲು ಇವೆಲ್ಲವನ್ನೂ ಒಂದೇ ಪ್ರಾಣಿ ನೋಡಿಕೊಳ್ಳುತ್ತಿತ್ತು, ತಿನ್ನಲು ಮಾಂಸ ಹಾಕಿದರೆ.

1960ರ ದಶಕದಲ್ಲಿ ಸ್ನೋಮೊಬೈಲ್ ಬಂತು. ನಾಯಿಬಂಡಿಯಲ್ಲಿ ಎರಡು ಮೂರು ದಿನ ಹಿಡಿಯುತ್ತಿದ್ದ ದಾರಿಯನ್ನು ಒಂದೇ ದಿನದಲ್ಲಿ ಮುಗಿಸಬಹುದಾಗಿತ್ತು. ಹೊಟ್ಟೆಗೆ ಹಾಕಲು ವರ್ಷವಿಡೀ ಬೇಟೆಯಾಡಬೇಕಿರಲಿಲ್ಲ. ಜನ ಅದನ್ನು ಬೇಗನೆ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊತ್ತಿಗೆ ಸರಿಯಾಗಿ ಇನ್ನೆರಡು ಸಂಗತಿಗಳೂ ನಡೆಯುತ್ತಿದ್ದವು. ಸರ್ಕಾರದ ಶಾಲೆ, ದವಾಖಾನೆ, ಮನೆಗಳ ಸುತ್ತ ಜನ ತಮ್ಮ ಚದುರಿದ ಬಿಡಾರಗಳನ್ನು ಬಿಟ್ಟು ಊರುಗಳಲ್ಲಿ ಬಂದು ನೆಲೆಸತೊಡಗಿದ್ದರು. ಊರಿನೊಳಗೆ ಕಟ್ಟಿಲ್ಲದೆ ತಿರುಗುವ ನಾಯಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. 1950ರಿಂದ 70ರ ದಶಕದವರೆಗೆ ಬ್ಯಾಫಿನ್ ಸೀಮೆಯಲ್ಲಿ ನಡೆದ ಈ ಹತ್ಯೆ ಇನುಯಿಟ್ ಜನರ ಮನಸ್ಸಿನಲ್ಲಿ ಇಂದಿಗೂ ಮಾಯದ ಗಾಯ. ಇದನ್ನು ವಿಚಾರಿಸಲು ಅವರೇ ಕಿಕಿಕ್ತಾನಿ ಸತ್ಯಶೋಧನಾ ಆಯೋಗವನ್ನು ರಚಿಸಿದರು, 2010ರಲ್ಲಿ ಅದರ ವರದಿ ಬಂತು. ಕೆನಡಾ ಸರ್ಕಾರ ಇಕಾಲುಯಿತ್ ನಗರದಲ್ಲಿ ಕ್ಷಮೆ ಕೇಳಿದ್ದು 2019ರ ಆಗಸ್ಟಿನಲ್ಲಿ. ಸ್ನೋಮೊಬೈಲ್ ನಾಯಿಗಳನ್ನು ಓಡಿಸಿತು ಎಂದು ಒಂದು ಸಾಲಿನಲ್ಲಿ ಬರೆದುಬಿಡುವುದು ಸುಲಭ. ಗಾಡಿಯೊಂದೇ ಆ ಕೆಲಸ ಮಾಡಲಿಲ್ಲ.

ಗಾಡಿಯಿಂದ ಆದ ನಷ್ಟವೆಲ್ಲ ಮೊದಲಿಗೆ ಕಾಣಿಸುವಂಥದ್ದಲ್ಲ. ಅದು ಮನೆಯ ದಾರಿ ಅರಿಯದು, ತೆಳು ಗಡ್ಡೆಯ ಮುಂದೆ ನಿಲ್ಲದು. ಕೆಟ್ಟರೆ ಊರಿನಿಂದ ನೂರು ಕಿಲೊಮೀಟರ್ ದೂರದಲ್ಲಿ ಕೆಟ್ಟು ನಿಲ್ಲುತ್ತದೆ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಸದ್ದಿನ ಸಂಗತಿ ಹಾಗಲ್ಲ. ನಾಯಿಬಂಡಿ ನಿಧಾನವಾಗಿ, ಹೆಚ್ಚುಕಡಿಮೆ ಸದ್ದಿಲ್ಲದೆ ಹೋಗುತ್ತದೆ. ಅದರ ಮೇಲೆ ಅಪ್ಪನ ಹಿಂದೆ ಕೂತ ಹುಡುಗನಿಗೆ ಅಪ್ಪ ಮಾತಾಡುತ್ತಾ ಹೋಗಬಹುದು: ಆ ದಿಣ್ಣೆ ನೋಡು, ಇದರ ಹೆಸರು ಇದು, ಇಲ್ಲಿಂದ ಹಿಂತಿರುಗಿ ನೋಡಿಟ್ಟುಕೋ, ಬರುವಾಗ ಹೀಗೇ ಕಾಣುತ್ತದೆ. ಇಂಜಿನ್ನಿನ ಅಬ್ಬರದಲ್ಲಿ, ತಲೆ ಮುಚ್ಚಿದ ಟೊಪ್ಪಿಗೆಯೊಳಗೆ ಈ ಮಾತು ಸಾಧ್ಯವಿಲ್ಲ. ಹುಡುಗ ಹಿಂದಿನ ಬಂಡಿಯಲ್ಲಿ ಕೂತಿರುತ್ತಾನೆ, ಇಲ್ಲವೇ ಬೇರೆಯದೇ ಗಾಡಿ ಓಡಿಸುತ್ತಾ ಮುಂದಿನ ಗಾಡಿಯ ಹಿಂದೀಪವನ್ನಷ್ಟೇ ನೋಡಿಕೊಂಡು ಹೋಗುತ್ತಾನೆ. ಪಾಠ ಹೇಳುವವನೂ ಇದ್ದ, ಕಲಿಯುವವನೂ ಇದ್ದ, ನಡುವಿನ ಮೌನ ಮಾತ್ರ ಹೋಗಿತ್ತು. ಅದೂ ಶಾಲೆಗೆ ರಜೆ ಇದ್ದು, ಪೆಟ್ರೋಲಿಗೆ ಹಣವಿದ್ದಾಗಿನ ಮಾತು.

ಆಕಾಶದ ಕಡೆ ಇದೇ ಹೊತ್ತಿಗೆ ಬೇರೆಯೇ ಕೆಲಸ ನಡೆದಿತ್ತು. ಅಮೆರಿಕದ ಸೇನೆ ತನ್ನ ಉಪಯೋಗಕ್ಕೆಂದು 1978ರಿಂದ ಜಿಪಿಎಸ್ ಉಪಗ್ರಹಗಳನ್ನು ಹಾರಿಸತೊಡಗಿತು. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಒಂದು ಪ್ರಯಾಣಿಕ ವಿಮಾನ ದಾರಿ ತಪ್ಪಿ ಸೋವಿಯೆತ್ ಗಡಿಯೊಳಗೆ ಹೋಗಿ, ಗುಂಡಿಗೆ ಸಿಕ್ಕಿ, 269 ಜನ ಸತ್ತರು. ಅದಾದ ಮೇಲೆ ಅಧ್ಯಕ್ಷ ರೇಗನ್ ಈ ವ್ಯವಸ್ಥೆಯನ್ನು ನಾಗರಿಕರಿಗೂ ತೆರೆಯುವುದಾಗಿ ಘೋಷಿಸಿದ. 1995ರ ಹೊತ್ತಿಗೆ ಇಪ್ಪತ್ತನಾಲ್ಕು ಉಪಗ್ರಹಗಳ ಬಳಗ ಪೂರ್ತಿಯಾಯಿತು. ಆದರೂ ನಾಗರಿಕರ ಪಾಲಿನ ಸಂಕೇತದಲ್ಲಿ ಸೇನೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಉಪಕರಣ ತೋರಿಸುವ ಜಾಗಕ್ಕೂ ನಿಜದ ಜಾಗಕ್ಕೂ ನೂರು ಮೀಟರಿನವರೆಗೆ ಅಂತರವಿರಬಹುದಿತ್ತು. 2000ದ ಮೇ ತಿಂಗಳಲ್ಲಿ ಆ ಕಲಬೆರಕೆ ನಿಂತಿತು.

ಕಲಬೆರಕೆ ನಿಲ್ಲುವ ಮೊದಲೇ, 1990ರ ದಶಕದ ನಡುವಿನಲ್ಲಿ, ಇಗ್ಲೂಲಿಕ್‌ನ ಜನ ಜಿಪಿಎಸ್ ಹಿಡಿದಿದ್ದರು. ಮೊದಲು ಹಿಡಿದವರು ಸ್ನೋಮೊಬೈಲಿನವರಲ್ಲ, ಬೇಸಿಗೆಯಲ್ಲಿ ದೋಣಿಯಲ್ಲಿ ಹೋಗಿ ವಾಲ್ರಸ್ ಬೇಟೆಯಾಡುವವರು. ವಾಲ್ರಸ್‌ಗಳು ದಡದಿಂದ ದೂರ, ತೇಲುವ ಗಡ್ಡೆಗಳ ಮೇಲೆ ಮಲಗಿರುತ್ತವೆ. ಅಲ್ಲಿ ಮಂಜು ಕವಿದರೆ ನೆಲದ ಯಾವ ಗುರುತೂ ಉಳಿಯದು. ಅಲೆ ಬರುವ ಕಡೆ, ನೀರಿನ ಸೆಳೆತ ಇವುಗಳಿಂದಲೇ ದಿಕ್ಕು ಊಹಿಸಬೇಕು, ಅಥವಾ ಮಂಜು ಸರಿಯುವವರೆಗೆ ಕಾಯಬೇಕು. ಜಿಪಿಎಸ್ ಇದ್ದರೆ ಕಾಯಬೇಕಿಲ್ಲ. ಮಾಡುವ ಕೆಲಸ ಚೆನ್ನಾಗಿ ಬಲ್ಲವರು, ಅದರಲ್ಲಿ ಕಣ್ಣು ಸೋಲುವ ಒಂದೇ ಒಂದು ಜಾಗಕ್ಕೆ ಉಪಕರಣ ಕೊಂಡು ತಂದ ಹಾಗೆ ಇದು. ಅಲ್ಲಿಂದ ಅದು ಚಳಿಗಾಲದ ಗಾಡಿಗಳಿಗೆ, ಕಾರಿಬು ಬೇಟೆಗೆ, ದಾರಿ ತಪ್ಪಿದವರನ್ನು ಹುಡುಕುವ ತಂಡಗಳಿಗೆ ಹರಡಿತು. ಹುಡುಕುವವರಿಗಂತೂ ಅದು ವರವೇ ಸರಿ. ಗಾಡಿ ಕೆಟ್ಟವನು ರೇಡಿಯೊದಲ್ಲಿ ಎರಡು ಅಂಕಿಗಳನ್ನು ಓದಿದರೆ ಕತ್ತಲಲ್ಲೂ ಅವನ ಬಳಿಗೆ ಹೋಗಬಹುದಾಯಿತು.

ಸ್ನೋಮೊಬೈಲಿನ ಮೇಲೆ ಜಿಪಿಎಸ್ ಬಳಸುವುದು ನಗರದ ಕಾರಿನಲ್ಲಿ ಫೋನ್ ನೋಡಿಕೊಂಡು ಹೋದಂತಲ್ಲ. ಮೈನಸ್ ಮೂವತ್ತು ನಲವತ್ತು ಡಿಗ್ರಿಯಲ್ಲಿ ಬ್ಯಾಟರಿಯ ಜೀವ ಹೋಗುತ್ತದೆ, ಪರದೆಯ ಮೇಲಿನ ಅಕ್ಷರಗಳು ಮಂದವಾಗಿ ಮೂಡಿ ಕೊನೆಗೆ ಮೂಡುವುದೇ ಇಲ್ಲ. ಉಪಕರಣವನ್ನು ಅಂಗಿಯೊಳಗೆ ಮೈಗಂಟಿಸಿ ಇಟ್ಟುಕೊಂಡು, ಬೇಕಾದಾಗ ಗಾಡಿ ನಿಲ್ಲಿಸಿ, ಕೈಗವಸು ಕಳಚಿ, ನೋಡಿ, ಬೇಗ ಒಳಗೆ ಸೇರಿಸಬೇಕು. ಇದಕ್ಕಿಂತ ಮೂಲದ ತೊಡಕು ಇನ್ನೊಂದಿದೆ. ಸುಮಾರು 20,200 ಕಿಲೊಮೀಟರ್ ಎತ್ತರದಲ್ಲಿ ಸುತ್ತುವ ನಾಲ್ಕು ಉಪಗ್ರಹಗಳಿಂದಾದರೂ ಸಂಕೇತ ಬಂದ ಹೊತ್ತನ್ನು ಅಳೆದು ಉಪಕರಣ ಕಂಡುಹಿಡಿಯುವುದು ಒಂದು ಬಿಂದುವನ್ನು. ನೀವು ಎಲ್ಲಿದ್ದೀರಿ ಎಂದು ಅದಕ್ಕೆ ಗೊತ್ತು, ಯಾವ ಕಡೆ ಮುಖ ಮಾಡಿ ನಿಂತಿದ್ದೀರಿ ಎಂದು ಗೊತ್ತಿಲ್ಲ. ದಿಕ್ಕು ತಿಳಿಯಬೇಕಾದರೆ ನಡೆದು ತೋರಿಸಬೇಕು. ಹಿಂದಿನ ಬಿಂದುವಿಗೂ ಈಗಿನ ಬಿಂದುವಿಗೂ ಗೆರೆ ಎಳೆದು ಅದು ದಿಕ್ಕು ಹೇಳುತ್ತದೆ. ಬೇರೆ ಕಡೆಗಳಲ್ಲಿ ಈ ಕೊರತೆಯನ್ನು ಕಾಂತಸೂಜಿ ತುಂಬುತ್ತದೆ. ಇಗ್ಲೂಲಿಕ್‌ನಲ್ಲಿ ಆ ಸೂಜಿಯನ್ನು ನಂಬುವವರಿಲ್ಲ.

ಹೀಗಾಗಿ ಅನುಭವಸ್ಥ ಬೇಟೆಗಾರರು ಹೊಸದನ್ನು ಹಳೆಯದರೊಂದಿಗೆ ಕೂಡಿಸಿಕೊಂಡರು. ಉಪಕರಣದಲ್ಲಿ ಬಾಣದ ದಿಕ್ಕು ನೋಡಿಕೊಳ್ಳುವುದು, ಆ ದಿಕ್ಕಿಗೆ ಹಿಮದಿಣ್ಣೆಗಳು ಯಾವ ಕೋನದಲ್ಲಿವೆ ಎಂದು ಗಮನಿಸುವುದು, ಉಪಕರಣವನ್ನು ಜೇಬಿಗೆ ಹಾಕಿ ದಿಣ್ಣೆಗಳನ್ನು ಆ ಕೋನದಲ್ಲೇ ದಾಟುತ್ತಾ ಹೋಗುವುದು. ಮುಂದೆಲ್ಲೋ ನಿಂತು ಮತ್ತೊಮ್ಮೆ ತಾಳೆ ನೋಡುವುದು. ಉಕಲುರೈತ್ ಗೊತ್ತಿದ್ದವನ ಕೈಯಲ್ಲಿ ಜಿಪಿಎಸ್ ಒಳ್ಳೆಯ ದಿಕ್ಸೂಚಿ. ಗೊತ್ತಿಲ್ಲದವನ ಕೈಯಲ್ಲಿ ಅದು ಬರೀ ಬಾಣ.

ಬಾಣದ ಅಪಾಯವೆಂದರೆ ಅದು ಯಾವಾಗಲೂ ನೇರಕ್ಕೆ ತೋರಿಸುತ್ತದೆ. ಊರಿನ ಬಿಂದುವನ್ನು ಗುರಿಯಾಗಿ ಒತ್ತಿದರೆ ಕಾಗೆ ಹಾರಿದ ದೂರವನ್ನು ಕೊಡುತ್ತದೆ. ನಡುವೆ ಗಡ್ಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಆಳೆತ್ತರ ಪೇರಿಕೊಂಡಿರಬಹುದು. ಫ್ಯೂರಿ ಮತ್ತು ಹೆಕ್ಲಾ ಜಲಸಂಧಿಯಂಥ ಕಡೆ ನೀರಿನ ಸೆಳೆತ ಜೋರಾಗಿ, ಕಡುಚಳಿಯಲ್ಲೂ ಗಡ್ಡೆ ತೆಳುವಾಗಿ ಅಥವಾ ಕಟ್ಟದೆಯೇ ಉಳಿಯುತ್ತದೆ. ಮೇಲೆ ಹಿಮ ಮುಚ್ಚಿದ್ದರೆ ಎರಡೂ ಒಂದೇ ಬಿಳಿ. ಹಳೆಯ ದಾರಿಗಳು ಬಳಸಿಕೊಂಡು ಹೋಗುವುದು ಇದೇ ಕಾರಣಕ್ಕೆ. ಅವುಗಳ ಒಂದೊಂದು ತಿರುವಿನ ಹಿಂದೆಯೂ ಅಲ್ಲಿ ಹಿಂದೆ ಯಾರಿಗೋ ಆದ ಅನುಭವ ಇದೆ. ಉಪಗ್ರಹಕ್ಕೆ ಕಾಣುವುದು ಗಾಡಿ. ಗಾಡಿಯ ಕೆಳಗೆ ಎಷ್ಟು ಬೆರಳು ದಪ್ಪದ ಗಡ್ಡೆ ಇದೆ ಎಂಬುದಲ್ಲ.

ಕ್ಲಾಡಿಯೊ ಅಪೋರ್ಟಾ ಎಂಬ ಅರ್ಜೆಂಟೀನಾ ಮೂಲದ ಮಾನವಶಾಸ್ತ್ರಜ್ಞ 1990ರ ದಶಕದ ಕೊನೆಯಿಂದ ಇಗ್ಲೂಲಿಕ್‌ನಲ್ಲಿ ಬೇಟೆಗಾರರ ಹಿಂದೆ ಓಡಾಡಿ ಇದನ್ನೆಲ್ಲ ಗಮನಿಸಿದವರು. ಅವರು ಹೇಳುವ ಒಂದು ಪ್ರಸಂಗ ಹೀಗಿದೆ. ಒಬ್ಬ ಬೇಟೆಗಾರ ತನ್ನ ಸೋದರಮಾವನೋ ಚಿಕ್ಕಪ್ಪನೋ ಕಾಲು ಶತಮಾನದ ಹಿಂದೆ ನರಿಗಳಿಗೆ ಒಡ್ಡಿದ್ದ ಬೋನುಗಳನ್ನು ತರಲು ಹೊರಟ. ಅವು ಚಪ್ಪಟೆ ನೆಲದಲ್ಲಿ ಚದುರಿದ್ದವು, ಹಿಮದಲ್ಲಿ ಹೂತಿದ್ದವು. ಸುಮಾರು ಎರಡು ಗಂಟೆಯೊಳಗೆ ಅವನು ಎಲ್ಲವನ್ನೂ ಎತ್ತಿಕೊಂಡು ಬಂದ. ನೆನಪಿನಲ್ಲಿ ಇದ್ದದ್ದು ಅಂಕಿಗಳಲ್ಲ, ನೆಲದ ಸಣ್ಣ ಏರುತಗ್ಗು, ಒಂದು ಕಲ್ಲು, ಅದರಿಂದ ಇಷ್ಟು ಈ ಕಡೆ.

ಅಪೋರ್ಟಾ ಮತ್ತು ಎರಿಕ್ ಹಿಗ್ಸ್ 2005ರಲ್ಲಿ 'ಕರೆಂಟ್ ಆಂತ್ರೊಪಾಲಜಿ' ಪತ್ರಿಕೆಯಲ್ಲಿ ಈ ಕುರಿತು ಬರೆದ ದೀರ್ಘ ಲೇಖನ ಬಹಳ ಚರ್ಚೆಗೆ ಬಂತು. ಅವರು ಆಧರಿಸಿದ್ದು ಆಲ್ಬರ್ಟ್ ಬೋರ್ಗ್‌ಮನ್ ಎಂಬ ತತ್ವಜ್ಞಾನಿಯ ಒಂದು ವಿಚಾರವನ್ನು. ಮನೆಯ ಅಗ್ಗಿಷ್ಟಿಕೆ ಬಿಸಿಯನ್ನಷ್ಟೇ ಕೊಡುವುದಿಲ್ಲ. ಸೌದೆ ಕಡಿಯುವವರು, ತರುವವರು, ಹಚ್ಚುವವರು, ಸುತ್ತ ಕೂರುವವರು ಎಲ್ಲರನ್ನೂ ಕೂಡಿಸುತ್ತದೆ. ಗೋಡೆಯ ಗುಂಡಿ ಒತ್ತಿದರೆ ಬರುವ ಬಿಸಿ ಬರೀ ಬಿಸಿ. ಬಚ್ಚಲ ಹಂಡೆಯ ಒಲೆ ಊದಿ ಬೆಳೆದು ಈಗ ಗೀಸರ್ ಇರುವ ಫ್ಲಾಟಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಡೆಯ ಹೊಗೆಗೆ ಮರಳಬೇಕು ಎಂದು ಅವರಲ್ಲಿ ಬಹಳ ಜನ ಹೇಳಲಾರರು ಎಂಬುದೂ ನಿಜ. ಬೋರ್ಗ್‌ಮನ್‌ನ ಹೋಲಿಕೆ ಈ ಕಡೆ ಸ್ವಲ್ಪ ಕುಂಟುತ್ತದೆ: ಹೊಗೆ ಕುಡಿದವರು ಯಾರು ಎಂದು ಅದು ಕೇಳುವುದಿಲ್ಲ. ಇಗ್ಲೂಲಿಕ್‌ನ ಹಿರಿಯರು ಈ ವಿಷಯದಲ್ಲಿ ತತ್ವಜ್ಞಾನಿಗಿಂತ ನಿರಾಳವಾಗಿದ್ದರು. ಜಿಪಿಎಸ್ ಬೇಡ ಎಂದು ಅವರು ಹಠ ಹಿಡಿಯಲಿಲ್ಲ, ಒಳ್ಳೆಯ ಸಾಮಾನು ಎಂದೇ ಒಪ್ಪಿದರು. ಅವರ ಆತಂಕ ಬೇರೆ: ಬೇರೇನೂ ಕಲಿಯದೆ ಅದೊಂದನ್ನೇ ಜೇಬಿನಲ್ಲಿಟ್ಟುಕೊಂಡು ಹೊರಟ ಹುಡುಗನ ಬ್ಯಾಟರಿ ಖಾಲಿಯಾದರೆ?

ಆ ಹುಡುಗನನ್ನು ದೂರುವುದು ನ್ಯಾಯವಲ್ಲ. ಅವನು ದಾರಿ ಕಲಿಯಬೇಕಿದ್ದ ವಯಸ್ಸಿನಲ್ಲಿ ಶಾಲೆಯಲ್ಲಿದ್ದ, ನಾಯಿಗಳು ಅಷ್ಟರಲ್ಲಾಗಲೇ ಇರಲಿಲ್ಲ, ತಂದೆ ಕೆಲಸಕ್ಕೆ ಹೋಗುತ್ತಿದ್ದ. ವಾರದ ಕೊನೆಯ ಎರಡು ದಿನಗಳಲ್ಲಿ ಬೇಟೆ ಮುಗಿಸಿ ಸೋಮವಾರ ಕೆಲಸಕ್ಕೆ ಮರಳಬೇಕಾದವನು ಬಿರುಗಾಳಿ ಇಳಿಯಲೆಂದು ಮೂರು ದಿನ ಇಗ್ಲೂ ಕಟ್ಟಿಕೊಂಡು ಕೂರಲಾರ. ಅವನನ್ನು ಕೆಟ್ಟ ಹವೆಯಲ್ಲೂ ಮುಂದಕ್ಕೆ ದೂಡುವುದು ಜಿಪಿಎಸ್ ಒಂದೇ ಅಲ್ಲ, ಗಡಿಯಾರವೂ ಹೌದು. ಉಪಕರಣ ಅವನಿಗೆ ಧೈರ್ಯ ಕೊಡುತ್ತದೆ. ಮುಂಚೆ ಹೊರಡದೇ ಇರುತ್ತಿದ್ದ ದಿನ ಅವನು ಹೊರಡುತ್ತಾನೆ. ಜೀವ ಉಳಿಸಿದ ಉಪಕರಣವೇ ಜೀವವನ್ನು ಅಪಾಯದ ಅಂಚಿಗೆ ತಂದು ನಿಲ್ಲಿಸುವುದು ಹೀಗೆ.

ಇನ್ನು ಗಡ್ಡೆಯೇ ಚಲಿಸಿದರೆ? ದಡಕ್ಕೆ ಅಂಟಿಕೊಂಡ ಗಡ್ಡೆಗೆ ತುವಾಕ್ ಎಂದು ಹೆಸರು, ಅದರಾಚೆ ಗಾಳಿಗೂ ಸೆಳೆತಕ್ಕೂ ಅಲೆಯುವ ಗಡ್ಡೆ ಬೇರೆ. ಚಳಿಗಾಲದಲ್ಲೂ ಬೇಟೆಗಾರರು ಅಲೆಯುವ ಗಡ್ಡೆಯ ಮೇಲೆ ಇಳಿಯುತ್ತಾರೆ. ಚಂದ್ರನ ಕಲೆ ನೋಡಿ ಸೆಳೆತ ಎಷ್ಟಿದ್ದೀತು, ಗಾಳಿ ಯಾವಾಗ ತಿರುಗೀತು ಎಂದು ಅಳೆದು ಇಳಿಯುತ್ತಾರೆ. ಅದರ ಮೇಲೆ ಬಿಟ್ಟು ಬಂದ ಗಾಡಿಯ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸಿಕೊಂಡು ಎರಡು ಗಂಟೆ ಬಿಟ್ಟು ಅದೇ ಅಂಕಿಗೆ ಮರಳಿದರೆ ಅಲ್ಲಿ ನೀರಿರಬಹುದು. ಉಪಕರಣ ತಪ್ಪು ಹೇಳಿದ್ದಲ್ಲ. ಭೂಮಿಯ ಆ ಬಿಂದು ಅಲ್ಲೇ ಇದೆ, ಮನುಷ್ಯ ನಿಂತಿದ್ದ ನೆಲ ಹೊರಟುಹೋಗಿದೆ. ಈಚಿನ ದಶಕಗಳಲ್ಲಿ ಗಟ್ಟಿ ಗಡ್ಡೆಯೂ ಮೊದಲಿನಂತಿಲ್ಲ. ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ. ಗುರುತಿನವರು ಇದ್ದಕ್ಕಿದ್ದಂತೆ ಗುರುತಿಲ್ಲದವರಂತೆ ನಡೆದುಕೊಂಡರೆ ಬಳಸುವ ಉಗ್ಗಿಯನಾಕ್ತುಕ್ ಎಂಬ ಪದವನ್ನು ಬ್ಯಾಫಿನ್‌ನ ಜನ ಈಗ ಹವೆಗೆ ಬಳಸುತ್ತಾರೆ. ಹೋದ ವರ್ಷ ಉಪಕರಣದಲ್ಲಿ ಉಳಿಸಿಕೊಂಡ ದಾರಿ ಈ ವರ್ಷ ಅದೇ ತಿಂಗಳಲ್ಲಿ ನಂಬುವಂಥದ್ದಲ್ಲ. ಹಿರಿಯರ ನೆನಪಿನ ದಾರಿಗೂ ಇದೇ ಗತಿ ಬಂದಿದೆ ಎಂಬುದು ಇಲ್ಲಿನ ದೊಡ್ಡ ಕಷ್ಟ.

ಇಷ್ಟಾದರೂ ಕತೆ ನಷ್ಟದ ಲೆಕ್ಕವಾಗಿಯೇ ಉಳಿಯಲಿಲ್ಲ. ಅಪೋರ್ಟಾ ಬೇಟೆಗಾರರೊಂದಿಗೆ ಓಡಾಡುವಾಗ ಅವರ ದಾರಿಗಳನ್ನೂ ಸ್ಥಳನಾಮಗಳನ್ನೂ ದಾಖಲಿಸಲು ಬಳಸಿದ್ದು ಜಿಪಿಎಸ್ಸನ್ನೇ. ಸ್ನೋಮೊಬೈಲಿನ ಮೇಲೆ ಸಾಗಿದ ಗೆರೆಗಳನ್ನು ಹತ್ತೊಂಬತ್ತನೆಯ ಶತಮಾನದ ನಕ್ಷೆ, ಬರಹಗಳ ಪಕ್ಕ ಇಟ್ಟು ನೋಡಿದಾಗ, ಪ್ರತಿ ಬೇಸಿಗೆಯಲ್ಲಿ ಅಳಿದುಹೋಗುವ ದಾರಿಗಳು ತಲೆಮಾರುಗಳಿಂದ ಬಹುಮಟ್ಟಿಗೆ ಅಲ್ಲಲ್ಲೇ ಮೂಡುತ್ತಾ ಬಂದಿರುವುದು ಕಂಡಿತು. ನಾಯಿಬಂಡಿ ಹೋಗಿ ಗಾಡಿ ಬಂದರೂ ದಾರಿ ಬದಲಾಗಿರಲಿಲ್ಲ. ಇಂಥ ದಾರಿಗಳ ಜಾಲವನ್ನು ಹಳೆಯ ನಕ್ಷೆಗಳಿಂದ ಕೂಡಿಸಿದ ಪ್ಯಾನ್ ಇನುಯಿಟ್ ಟ್ರೇಲ್ಸ್ ಎಂಬ ನಕ್ಷೆಸಂಪುಟವನ್ನು 2014ರಲ್ಲಿ ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಇಡಲಾಯಿತು. ಬ್ಯಾಫಿನ್‌ನ ಪೂರ್ವ ತೀರದ ಕ್ಲೈಡ್ ರಿವರ್ ಎಂಬ ಊರಿನವರು ಅದಕ್ಕೂ ಮೊದಲೇ ಒಂದು ಹೆಜ್ಜೆ ಮುಂದೆ ಹೋಗಿದ್ದರು. 'ಇಗ್ಲಿನಿತ್' ಎಂಬ ಯೋಜನೆಯಲ್ಲಿ ಅವರು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಸೇರಿ ಸ್ನೋಮೊಬೈಲಿಗೆ ಕಟ್ಟುವ ಸಾಧನವೊಂದನ್ನು ಮಾಡಿಸಿಕೊಂಡರು. ಅದು ಹೋದ ದಾರಿಯನ್ನೂ ಹವೆಯನ್ನೂ ತಾನೇ ಬರೆದುಕೊಳ್ಳುತ್ತದೆ. ಕಂಡ ಪ್ರಾಣಿ, ಕಂಡ ಅಪಾಯವನ್ನು ಬೇಟೆಗಾರ ತನ್ನದೇ ಇನುಕ್ತಿತುತ್ ಭಾಷೆಯ ಗುಂಡಿಗಳನ್ನೊತ್ತಿ ಸೇರಿಸಬಹುದು. ಇಗ್ಲಿನಿತ್ ಎಂದರೆ ಮತ್ತೆ ಮತ್ತೆ ಓಡಾಡಿದ ದಾರಿ.

ಗಡ್ಡೆಯ ದಪ್ಪದ ಪ್ರಶ್ನೆಗೆ ಉತ್ತರ ಬಂದದ್ದು ಇನ್ನೂ ದಕ್ಷಿಣದಿಂದ, ಲ್ಯಾಬ್ರಡಾರ್ ತೀರದ ನೈನ್ ಎಂಬ ಇನುಯಿಟ್ ಊರಿನಿಂದ. 2009-10ರ ಚಳಿಗಾಲ ಅಲ್ಲಿ ವಿಪರೀತ ಬೆಚ್ಚಗಿತ್ತು, ನಂಬಿದ ದಾರಿಗಳು ಕೈಕೊಟ್ಟವು. ಊರಿನವರು ಮತ್ತು ಮೆಮೋರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಕೂಡಿ ಕಟ್ಟಿದ ಸ್ಮಾರ್ಟ್‌ಐಸ್ ಎಂಬ ಸಂಸ್ಥೆ, ಸ್ನೋಮೊಬೈಲಿನ ಹಿಂದೆ ಎಳೆಯುವ ಮರದ ಬಂಡಿಯಲ್ಲಿ ಒಂದು ಉಪಕರಣ ಇಟ್ಟಿತು. ಗಾಡಿ ಓಡುತ್ತಿದ್ದಂತೆ ಅದು ವಿದ್ಯುತ್ಕಾಂತ ಅಲೆಗಳಿಂದ ಕೆಳಗಿನ ಗಡ್ಡೆಯ ದಪ್ಪ ಅಳೆಯುತ್ತದೆ, ಜಿಪಿಎಸ್ ಆ ಅಳತೆಯ ಜಾಗವನ್ನು ಬರೆದುಕೊಳ್ಳುತ್ತದೆ. ಆ ಬಂಡಿಯ ಹೆಸರು ಕಮುತಿಕ್, ನಾಯಿಗಳು ಎಳೆಯುತ್ತಿದ್ದ ಬಂಡಿಗೆ ಇದ್ದ ಹೆಸರೇ. ಅದನ್ನು ಎಳೆದುಕೊಂಡು ಎಲ್ಲೆಲ್ಲಿ ಹೋಗಬೇಕು ಎಂದು ತೀರ್ಮಾನಿಸುವವರು ಊರಿನ ಬೇಟೆಗಾರರು. ಅಳತೆಗಳನ್ನು ನಕ್ಷೆಗೆ ಹಾಕಿ ಊರವರಿಗೆ ಕಳಿಸುತ್ತಾರೆ. ಹೊಸ ಗಡ್ಡೆ ಕಟ್ಟಿದ ಮೇಲೆ ಮೊದಲ ಸಲ ಅದರ ಮೇಲೆ ಗಾಡಿ ಇಳಿಸುವವರು ಇವತ್ತಿಗೂ ಮುಂದೆ ಹೋಗುವ ಮೊದಲು ಇಳಿದು ನಿಂತು, ಕೈಯಲ್ಲಿನ ಕಬ್ಬಿಣದ ಮೊನೆಯ ಕೋಲಿನಿಂದ ಗಡ್ಡೆಯನ್ನು ಕುಟ್ಟಿ ನೋಡುತ್ತಾರೆ.